ಬಾಕ್ಸಿನೊಳಗೆ ಸಿಕ್ಕಿಕೊಂಡ ನಮ್ಮೂರು

ಸಂಪಾದಕರೇ,

ಹೋದ ವಾರ ಅಮ್ಮನ ಅರ್ಜಿಯೊಂದನ್ನು ಮೊಬೈಲಿನಲ್ಲೇ ತುಂಬಲು ಕೂತೆ. ಜಿಲ್ಲೆ, ತಾಲ್ಲೂಕು, ಹೋಬಳಿ ಎಲ್ಲ ಆಯ್ತು. ಇನ್ನು ಊರಿನ ಹೆಸರು. ಪಟ್ಟಿ ಇದ್ದದ್ದು ಬೆಂಕಿಪೊಟ್ಟಣದಷ್ಟು ಬಾಕ್ಸಿನಲ್ಲಿ, ಒಮ್ಮೆಗೆ ಕಾಣುವುದು ಮೂರೇ ಊರು. ಬೆರಳಲ್ಲಿ ತಳ್ಳಿದೆ, ತಳ್ಳಿದೆ, ಪಟ್ಟಿ ಮುಗಿದ ಮೇಲೆ ಇಡೀ ಪುಟವೇ ಸರಿಯತೊಡಗಿತು. ವಾಪಸ್ ಬರೋಣ ಅಂತ ಕೆಳಕ್ಕೆ ಎಳೆದೆ. ಪಟ್ಟಿಯ ತುದಿ ಬಂತು, ಮತ್ತೆ ಎಳೆದರೆ ಪುಟದ ತುದಿ ಬಂತು, ಇನ್ನೊಂದು ಸಲ ಎಳೆದಾಗ ಮೇಲೆ ಆ ಗುಂಡನೆ ಬಾಣ ತಿರುಗಿ ಪುಟ ರೀಲೋಡ್ ಆಗಿ ತುಂಬಿದ್ದೆಲ್ಲ ಹೋಯ್ತು. "ನೀನೇ ಏನೋ ಒತ್ತಿರ್ತೀಯ" ಅಂದರು ಅಮ್ಮ.

ನಾನು ಏನೂ ಒತ್ತಿರಲಿಲ್ಲ! ಒಳಗಿನ ಬಾಕ್ಸ್ ಕೊನೆ ಮುಟ್ಟಿದರೆ ಹೊರಗಿನ ಪುಟ ಓಡುವುದಕ್ಕೆ ಸ್ಕ್ರೋಲ್ ಚೈನಿಂಗ್ ಅಂತ ಹೆಸರು. ಅದನ್ನು ತಡೆಯಲು, ಪುಟ ಹೇಗೆ ಕಾಣಬೇಕು ಅಂತ ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ 'ಓವರ್‌ಸ್ಕ್ರೋಲ್-ಬಿಹೇವಿಯರ್' ಅಂತ ಒಂದು ಸಾಲು ಬರೆದರೆ ಆಯ್ತು. ಕ್ರೋಮ್‌ನಲ್ಲಿ 2017ರಿಂದ ಇದೆ, ಐಫೋನಿನ ಸಫಾರಿ ಬ್ರೌಸರಿಗೂ 2022ರಲ್ಲಿ ಬಂತು. ಆದರೆ ಅದೂ ಅರ್ಧ ಔಷಧಿ ಅಷ್ಟೇ. ಬಾಕ್ಸ್ ದೊಡ್ಡದಾಗಿ ಮೊಬೈಲ್ ಪರದೆಯನ್ನೆಲ್ಲ ತುಂಬಿಕೊಂಡರೆ ಪುಟ ಸರಿಸಲು ಬೆರಳಿಡೋಕೆ ಜಾಗವೇ ಇರಲ್ಲ, ಒಳಗೆ ಸಿಕ್ಕಿಕೊಂಡರೆ ಮುಗೀತು.

ಇನ್ನೊಂದು ಕಾಟ ಈ ಷರತ್ತುಗಳ ಬಾಕ್ಸು. ನಾಲ್ಕು ಸಾಲು ಕಾಣುತ್ತದೆ, ಕೆಳಗೆ 'ಓದಿ ಒಪ್ಪಿದ್ದೇನೆ' ಅಂತ ಟಿಕ್. ಮೊಬೈಲಿನಲ್ಲಿ ಎಲ್ಲಿದ್ದೇವೆ ಅಂತ ಅಂಚಿನಲ್ಲಿ ತೋರಿಸುವ ಸ್ಕ್ರೋಲ್‌ಬಾರ್ ಸುಮ್ಮನಿದ್ದಾಗ ಕಾಣುವುದೇ ಇಲ್ಲ, ಆಪಲ್‌ನವರು 2011ರಲ್ಲಿ ಮ್ಯಾಕ್ ಕಂಪ್ಯೂಟರಿನಲ್ಲೂ ಅದನ್ನು ಮರೆಮಾಡಿದರು. ನಾಲ್ಕನೇ ಸಾಲು ಸರಿಯಾಗಿ ಅಂಚಿಗೆ ಮುಗಿದರೆ ಕೆಳಗೆ ಇನ್ನೂ ಇದೆ ಅಂತ ಯಾರಿಗೆ ಗೊತ್ತಾಗಬೇಕು? ಪ್ರಿಂಟ್ ತೆಗೆದರೂ ಕಾಗದದ ಮೇಲೆ ಬರುವುದು ಆ ನಾಲ್ಕೇ ಸಾಲು.

ಎಲ್ಲ ಕಡೆಯೂ ತಪ್ಪು ಅಂತಲ್ಲ. ಅಗಲವಾದ ಕೋಷ್ಟಕ ಅಡ್ಡಕ್ಕೆ ಸರಿದರೆ ಪರವಾಗಿಲ್ಲ, ಪುಟ ಉದ್ದಕ್ಕೆ ಸರಿಯುತ್ತದೆ, ಜಗಳವಿಲ್ಲ. ಚಾಟ್ ಕಿಟಕಿಯೂ ಸರಿ. ಉದ್ದಕ್ಕೆ ಸರಿಯುವ ಪುಟದೊಳಗೆ ಉದ್ದಕ್ಕೇ ಸರಿಯುವ ಬಾಕ್ಸ್ ಯಾಕೆ? ಪುಟ ಉದ್ದವಾಗುತ್ತೆ ಅಂತ ಹೆದರಿಕೆಯೇನೋ. ಉದ್ದ ಆಗಲಿ ಬಿಡಿ, ಜನಕ್ಕೆ ಬೆರಳಾಡಿಸಿ ಅಭ್ಯಾಸ ಇದೆ. ಊರಿನ ಹೆಸರಿಗಂತೂ ಪಟ್ಟಿಯೇ ಬೇಡ, ಎರಡು ಅಕ್ಷರ ಟೈಪ್ ಮಾಡಿದರೆ ಸಿಗುವ ಹಾಗೆ ಮಾಡಿ. ಡಿಸೈನ್ ಮಾಡುವವರು ಅವರ ಆಫೀಸಿನ ದೊಡ್ಡ ಮಾನಿಟರ್ ಬಿಟ್ಟು ಒಂದ್ಸಲ ಅವರಮ್ಮನ ಮೊಬೈಲಿನಲ್ಲಿ ತೆರೆದು ನೋಡಬಾರದಾ?

ಕೊನೆಗೆ ಸೈಬರ್ ಸೆಂಟರಿಗೇ ಹೋದೆವು. ಅಲ್ಲೂ ಮೌಸಿನ ಚಕ್ರ ತಿರುಗಿಸಿದರೆ ಪುಟದ ಬದಲು ಬಾಕ್ಸೇ ಓಡುತ್ತಿತ್ತು. ಹುಡುಗ ತಲೆ ಎತ್ತದೆ ಕರ್ಸರನ್ನು ಪಕ್ಕದ ಬಿಳಿ ಅಂಚಿಗೆ ಒಯ್ದು, "ಇಲ್ಲಿಟ್ಟು ತಿರುಗಿಸಬೇಕು ಸರ್, ದಿನಾ ಇದೇ ಕೆಲಸ" ಅಂದ. 50 ರೂಪಾಯಿ ತಗೊಂಡ.

— ಓದುಗ, ತಿಪಟೂರು