ತಮ್ಮನಿಗೆ, ರಾಜೀನಾಮೆ ಕೊಡುವ ಮುಂಚೆ

ಲೀಡ್ಸ್

ಚಿ. ಪುಟ್ಟುವಿಗೆ ಅಕ್ಕನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು, ಚಿಕ್ಕಪ್ಪನ ಮನೆ ಗೃಹಪ್ರವೇಶ ಎಲ್ಲ ಓದಿದೆ. ಕೊನೇ ಸಾಲಲ್ಲಿ "ಐವತ್ತೆರಡಾಯ್ತು, ಯುಗಾದಿಗೆ ಕೆಲಸ ಬಿಡ್ತೀನಿ, ಪಿಂಚಣಿ ಬರುತ್ತಲ್ಲ" ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಕಾಗದ.

ಪಿಂಚಣಿ ಎಷ್ಟು ಬರುತ್ತೆ ಅಂತ ನೋಡಿದ್ದೀಯಾ? ಪಿಎಫ್ ಪಾಸ್‌ಬುಕ್‌ನಲ್ಲಿ ಪಿಂಚಣಿಯ ಕಾಲಂ ತೆಗೆ. 2014ರ ಆಗಸ್ಟ್‌ವರೆಗೆ ತಿಂಗಳಿಗೆ 541 ರೂಪಾಯಿ ಜಮಾ, ಆಮೇಲೆ 1,250. ನಿನ್ನ ಸಂಬಳ ಎಷ್ಟೇ ಏರಿರಲಿ, ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ಸಂಬಳ ಮೊದಲು 6,500, ಈಗ 15,000, ಅಷ್ಟೇ. ಅದನ್ನು ಸರ್ವೀಸಿನ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. ಹಳೆಯ 12 ವರ್ಷಕ್ಕೆ 1,114, ಆಮೇಲಿನ 11ಕ್ಕೆ 2,357. ಕೂಡಿದರೆ ತಿಂಗಳಿಗೆ 3,471. ಎಷ್ಟೋ ಜನ 23 ವರ್ಷಕ್ಕೂ 15,000 ಹಾಕಿ 4,900 ಬರುತ್ತೆ ಅಂತ ಕೂತಿರುತ್ತಾರೆ. ಇಪ್ಪತ್ತು ವರ್ಷ ದಾಟಿದವರ ಸರ್ವೀಸಿಗೆ ಸೇರಿಸುವ ಎರಡು ವರ್ಷವನ್ನು ನಾನು ಹಿಡಿದಿಲ್ಲ, ಸಿಕ್ಕಿದರೆ ಲಾಭ.

ಇದೂ 58 ಆದಮೇಲೆ. ಐವತ್ತು ದಾಟಿ ಕೆಲಸ ಬಿಟ್ಟವರು ಬೇಗ ತೆಗೆದುಕೊಳ್ಳಬಹುದು, ಆದರೆ ಮುಂಚಿನ ಒಂದೊಂದು ವರ್ಷಕ್ಕೂ ನೂರಕ್ಕೆ ನಾಲ್ಕು ಕಡಿತ, ಅದೂ ಕೊನೇವರೆಗೆ. ನಿನಗೆ 2,700ರ ಆಸುಪಾಸು ನಿಲ್ಲುತ್ತದೆ. ಹಾಗಂತ ಬೇಗ ತೆಗೆದುಕೊಳ್ಳುವುದೇ ಪೆದ್ದತನ ಅಲ್ಲ. ಬೆಲೆ ಏರಿದಂತೆ ಈ ಪಿಂಚಣಿ ಏರುವುದಿಲ್ಲ, ಎಪ್ಪತ್ತೈದು ದಾಟುವವರೆಗೂ ಬೇಗ ತೆಗೆದುಕೊಂಡವನಿಗೆ ನಷ್ಟವಿಲ್ಲ. ಅದನ್ನು ನಂಬಿ ಮನೆ ನಡೆಸುತ್ತೀನಿ ಅನ್ನುವುದು ಮಾತ್ರ ಆಗದ ಮಾತು.

ನನ್ನ ಮಾತು ಕೇಳೋದಾದರೆ 55ರವರೆಗೆ ತಳ್ಳು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಖಾತೆ 60ಕ್ಕೆ ಅಂತ ಎಲ್ಲರಿಗೂ ಗೊತ್ತು. 55 ತುಂಬಿ ನಿವೃತ್ತರಾದವರೂ, ನಿವೃತ್ತಿ ದುಡ್ಡು ಕೈಗೆ ಬಂದ ಮೂರು ತಿಂಗಳೊಳಗೆ ತೆರೆಯಬಹುದು. ಸದ್ಯ 8.2 ಬಡ್ಡಿ, ಮಿತಿ 30 ಲಕ್ಷ. ಪಿಎಫ್, ಗ್ರಾಚ್ಯುಟಿ ಸೇರಿ 20 ಲಕ್ಷ ಹಾಕಿದರೂ ಮೂರು ತಿಂಗಳಿಗೊಮ್ಮೆ 41,000. ಈಗಲೇ ಬಿಟ್ಟು ದುಡ್ಡು ತೆಗೆದುಕೊಂಡರೆ ಆ ಬಾಗಿಲು ಅರವತ್ತರವರೆಗೆ ಮುಚ್ಚಿತು. ಮಿಕ್ಕಿದ್ದನ್ನು ಅಂಚೆ ಕಚೇರಿಯದೇ ಮಾಸಿಕ ಆದಾಯ ಖಾತೆಗೆ ನಿನ್ನ, ರತ್ನಳ ಜಂಟಿ ಹೆಸರಲ್ಲಿ ಹಾಕು. ಅದಕ್ಕೆ ವಯಸ್ಸಿನ ಷರತ್ತಿಲ್ಲ, 7.4ರ ಬಡ್ಡಿ.

ಕಾಫಿ ರೇಟು ನೋಡಿ ಆಲೂರಿನ ತೋಟಕ್ಕೆ ಪಿಎಫ್ ಸುರಿಯಬೇಡ ಮಾರಾಯ. ಗಿಡ ಫಸಲಿಗೆ ಬರೋಕೇ ಮೂರು-ನಾಲ್ಕು ವರ್ಷ, ಅರೇಬಿಕಾ ಆದರೆ ಕಾಂಡಕೊರಕ ಬೇರೆ. ನಿನಗೆ ದುಡ್ಡು ಬೇಕಾಗಿರೋದೇ ಆ ವರ್ಷಗಳಲ್ಲಿ. ರತ್ನಳ ಗೃಹಲಕ್ಷ್ಮಿಯ ಎರಡು ಸಾವಿರವನ್ನೂ ಮನೆಯ ಬಜೆಟ್ಟಿಗೆ ಸೇರಿಸಬೇಡ, ಸರ್ಕಾರದ ಯೋಜನೆ ಇವತ್ತಿದ್ದಂತೆ ನಾಳೆ ಇರುತ್ತಾ?

ಈ ವಾರವೇ ಮಾಡಬೇಕಾದ್ದು: ಪಿಎಫ್‌ನಲ್ಲೂ ಆಧಾರ್‌ನಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು ಒಂದೇ ಇದೆಯಾ ನೋಡು. ಹಳೇ ಕಂಪನಿಯವರು ನೀನು ಬಿಟ್ಟ ತಾರೀಕು ಹಾಕಿಲ್ಲದಿದ್ದರೆ ಆ ಸರ್ವೀಸು ಈಗಿನದಕ್ಕೆ ಸೇರುವುದಿಲ್ಲ, ಪಿಂಚಣಿಯ ಲೆಕ್ಕವೇ ತಪ್ಪುತ್ತದೆ. ನಾಮಿನಿ ಜಾಗದಲ್ಲಿ ಇನ್ನೂ ಅಪ್ಪನ ಹೆಸರಿದ್ದರೆ ರತ್ನಳದ್ದು ಹಾಕಿಸು. ಕಂಪನಿಯ ಮೆಡಿಕಲ್ ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಗುತ್ತೆ. ಹಾಗಾಗಿ ಸ್ವಂತದ್ದನ್ನು ಈಗಲೇ ಮಾಡಿಸು. ಶುಗರ್ ಇದೆ ಅಂತ ಮುಚ್ಚಿಡದೆ ಬರೆಸು, ಮುಚ್ಚಿಟ್ಟರೆ ಕ್ಲೈಮು ತಳ್ಳಿಹಾಕುತ್ತಾರೆ. ಮೊದಲಿಂದ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಆ ಕಾಯುವ ಕಾಲ ನೌಕರಿಯಲ್ಲಿದ್ದಾಗಲೇ ಕಳೆಯಲಿ.

ಇಲ್ಲಿ ಬ್ರಿಟನ್ನಿನಲ್ಲಿ ಬೇಗ ಕೆಲಸ ಬಿಟ್ಟರೆ ಸರ್ಕಾರಿ ಪಿಂಚಣಿಗೆ ಕಡಿತವೂ ಇಲ್ಲ, ಕೊಡೋದೂ ಇಲ್ಲ: 66 ಆಗಲೇಬೇಕು, ಅದೂ 67ಕ್ಕೆ ಹೋಗುತ್ತಿದೆ. ಪೂರ್ತಿ ಸಿಗಬೇಕಾದರೆ 35 ವರ್ಷ ಕಂತು ಕಟ್ಟಿರಬೇಕು. ಪಿಂಚಣಿ ತೆಗೆದುಕೊಂಡು ಊರಿಗೆ ಬಂದು ಕೂತರೆ ಮೊತ್ತ ಅಲ್ಲಿಗೇ ನಿಂತುಬಿಡುತ್ತೆ, ವರ್ಷವರ್ಷದ ಏರಿಕೆ ಭಾರತದಲ್ಲಿ ಇರುವವರಿಗಿಲ್ಲ! ಇಂಗ್ಲೆಂಡಿನ ಹೆಚ್ಚಿನ ಊರುಗಳಲ್ಲಿ ಮುದುಕರ ಬಸ್ ಪಾಸಿಗೂ ಆ ವಯಸ್ಸೇ ಆಗಬೇಕು. ನಮ್ಮ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡೇ ಇಲ್ಲ ಅಂದರೆ ಇಲ್ಲಿನವರು ನಂಬಲ್ಲ.

ನನ್ನ ಬಗ್ಗೆ ಯೋಚನೆ ಬೇಡ. ಚಳಿಯೂ ಅಂಥದ್ದೇನಿಲ್ಲ, ಊಟ-ತಿಂಡಿ ಸರಿಯಾಗಿದೆ, ತೂಕವೂ ಇಳಿದಿಲ್ಲ, ಅಮ್ಮನಿಗೆ ಹಾಗೇ ಹೇಳು. ಅಂಚೆಗೆ ಹೊತ್ತಾಯ್ತು. ಪಾಸ್‌ಬುಕ್ಕಿನ ಫೋಟೋ ಕಳಿಸು, ಆಮೇಲೆ ಫೋನ್ ಮಾಡ್ತೀನಿ. ಅಪ್ಪ ಅಮ್ಮನಿಗೆ ನಮಸ್ಕಾರ.

ಇತಿ,
ಅಕ್ಕ