ಕಾಫಿ ಪುಡಿ: ಚಿಕೋರಿ ಜೊತೆ ಬೀಜದ ಜಾತಿಯನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಾಫಿ ಪುಡಿ ಅಂಗಡಿಗಳಲ್ಲಿ ಗಿರಾಕಿಗಳು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಕೆಜಿಗೆ ಎಷ್ಟು? ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಎಷ್ಟು ಹಾಕ್ತೀರಿ? ಬೀಜ ಅರೇಬಿಕಾವೋ ರೋಬಸ್ಟಾವೋ ಎಂದು ಕೇಳುವವರು ಕಡಿಮೆ. ಕೇಳುವವರಲ್ಲೂ ಹಲವರು ಅರೇಬಿಕಾ ಅಂದರೆ ಅಸಲಿ, ರೋಬಸ್ಟಾ ಅಂದರೆ ಕಲಬೆರಕೆ ಎಂದೇ ತಿಳಿದಿದ್ದಾರೆ. ಅದು ತಪ್ಪು. ಎರಡೂ ಅಪ್ಪಟ ಕಾಫಿಯೇ, ಗಿಡದ ಜಾತಿ ಬೇರೆ.

ಅರೇಬಿಕಾಕ್ಕೆ ಸುಮಾರು 1000ದಿಂದ 1500 ಮೀಟರ್ ಎತ್ತರದ ತಂಪು ಬೇಕು, ನೆರಳು ಬೇಕು. ಬಿಳಿ ಕಾಂಡಕೊರಕ ಎಂಬ ಹುಳು ಹೊಕ್ಕರೆ ಗಿಡವೇ ಒಣಗುತ್ತದೆ, ಎಲೆ ತುಕ್ಕು ರೋಗದ ಕಾಟವೂ ಅದಕ್ಕೇ ಹೆಚ್ಚು. ರೋಬಸ್ಟಾ 500ರಿಂದ 1000 ಮೀಟರ್‌ನಲ್ಲಿ ಬರುತ್ತದೆ, ಸೆಕೆ ತಡೆಯುತ್ತದೆ, ಹೆಚ್ಚು ಫಸಲು ಕೊಡುತ್ತದೆ. ದೇಶದ ಕಾಫಿ ಬೆಳೆಯಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲು ಅದೇ. ಅರೇಬಿಕಾ ತುಟ್ಟಿಯಾಗಲು ಈ ಆರೈಕೆಯ ಖರ್ಚು ಮತ್ತು ಕಡಿಮೆ ಇಳುವರಿ ಕಾರಣವೇ ಹೊರತು ರೋಬಸ್ಟಾ ನಕಲಿ ಎಂದಲ್ಲ.

ಬೀಜವಾಗಿದ್ದಾಗ ಗುರುತು ಹಿಡಿಯುವುದು ಸುಲಭ. ಒಂದು ಹಿಡಿ ಬೀಜವನ್ನು ತಟ್ಟೆಯಲ್ಲಿ ಹರಡಿ ನೋಡಿ. ಅರೇಬಿಕಾ ಉದ್ದನೆಯದು, ಚಪ್ಪಟೆ, ನಡುವಿನ ಗೀರು ಹಾವಿನಂತೆ ಬಳುಕಿರುತ್ತದೆ. ರೋಬಸ್ಟಾ ಗಿಡ್ಡ, ದುಂಡು, ಗೀರು ಹೆಚ್ಚುಕಡಿಮೆ ನೇರ. ಆದರೆ ಪುಡಿಯಾದ ಮೇಲೆ ಕಣ್ಣಿಗೆ ಯಾವ ಗುರುತೂ ಸಿಗುವುದಿಲ್ಲ. ಚಿಕೋರಿಯನ್ನಾದರೆ ಮನೆಯಲ್ಲೇ ಕಂಡುಹಿಡಿಯಬಹುದು: ಒಂದು ಲೋಟ ತಣ್ಣೀರಿನ ಮೇಲೆ ಅರ್ಧ ಚಮಚ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ಕೂಡಲೇ ತಳ ಸೇರುತ್ತದೆ. ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಎಂದು ತಿಳಿಯಲು ಇಂಥ ಪರೀಕ್ಷೆ ಯಾವುದೂ ಇಲ್ಲ, ಪ್ರಯೋಗಾಲಯಕ್ಕೇ ಹೋಗಬೇಕು. ಗಿರಾಕಿ ಅಂಗಡಿಯವರ ಮಾತನ್ನೇ ನಂಬಬೇಕಾದ ಜಾಗ ಇದು.

ಯಾವುದನ್ನು ಕೊಳ್ಳಬೇಕೆಂಬುದು ಕುಡಿಯುವ ರೀತಿಯನ್ನು ಅವಲಂಬಿಸಿದೆ. ಅರೇಬಿಕಾದ ಸೊಗಸು ಅದರ ಘಮ ಮತ್ತು ನವಿರಾದ ಹುಳಿಯಲ್ಲಿದೆ. ರೋಬಸ್ಟಾ ಕಹಿ, ಒಗರು, ಆದರೆ ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ. ನಮ್ಮ ಜಿಲ್ಲೆಗಳು ಹಾಲಿನ ಜಿಲ್ಲೆಗಳು. ಗಟ್ಟಿ ಹಾಲು ಧಾರಾಳವಾಗಿ ಹಾಕುವ ಮನೆಯಲ್ಲಿ ಬರೀ ಅರೇಬಿಕಾ ತಂದರೆ ಹಾಲು ಅದನ್ನು ಮುಚ್ಚಿಬಿಡುತ್ತದೆ, 'ದುಬಾರಿ ಪುಡಿ, ಕಾಫಿ ಮಾತ್ರ ನೀರು ನೀರು' ಎಂಬ ದೂರು ಬರುತ್ತದೆ. ಅಂಥವರಿಗೆ ಅರೇಬಿಕಾ 60, ರೋಬಸ್ಟಾ 40 ಸರಿಹೋಗುತ್ತದೆ. ಹಾಲು ಕಡಿಮೆ ಹಾಕುವವರು 80:20 ತರಲಿ. ಸಂಜೆ ಕಾಫಿ ಕುಡಿದರೆ ನಿದ್ದೆ ಬಾರದವರಿಗೆ ಅರೇಬಿಕಾವೇ ಮೇಲು. ಅದರಲ್ಲಿ ಕೆಫೀನ್ ಸುಮಾರು ಶೇ 1.2, ರೋಬಸ್ಟಾದಲ್ಲಿ ಶೇ 2.2. ಅಂದರೆ ಹತ್ತು ಗ್ರಾಂ ಪುಡಿಯಲ್ಲಿ 120 ಮಿಲಿಗ್ರಾಂ ಎಲ್ಲಿ, 220 ಎಲ್ಲಿ!

ಅಳತೆ ತಪ್ಪಿದರೆ ಎಂಥ ಬೀಜವೂ ಕೆಡುತ್ತದೆ. ನಾಲ್ವರಿಗೆ 40 ಗ್ರಾಂ ಪುಡಿ, 200 ಮಿಲಿಲೀಟರ್ ನೀರು. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಹೊಯ್ಯಬೇಕು. ಚರಟ ತನ್ನ ತೂಕದ ಎರಡರಷ್ಟು ನೀರು ಹಿಡಿದುಕೊಳ್ಳುವುದರಿಂದ ಕೆಳಗೆ ಇಳಿಯುವುದು 120 ಮಿಲಿಲೀಟರ್, ತಲಾ 30. ಪುಡಿ ತೀರಾ ನುಣ್ಣಗಿದ್ದರೆ, ಒತ್ತಿ ತುಂಬಿದರೆ, ಚಿಕೋರಿ ಹೆಚ್ಚಾಗಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಚಿಕೋರಿ ನೀರು ಹೀರಿ ಮೆತ್ತಗಾಗುತ್ತದೆ. ಡಿಕಾಕ್ಷನ್ ಅನ್ನು ಒಲೆಯ ಮೇಲಿಟ್ಟು ಕುದಿಸಲೇಬಾರದು. ಹಾಲು ಕುದಿಯಲಿ, ಡಿಕಾಕ್ಷನ್ ಬೇಡ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ಕೊಂದುಬಿಡುತ್ತದೆ. ಅರೇಬಿಕಾಕ್ಕೆ ಹೆಚ್ಚು ದುಡ್ಡು ಕೊಡುವುದೇ ಆ ನವಿರು ಹುಳಿ, ಘಮಕ್ಕಾಗಿ. ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವಂಥ ನೀರಿನಲ್ಲಿ ಇಳಿಸಿದರೆ ಅದು ಸಪ್ಪೆಯಾಗಿ, ಸೀಮೆಸುಣ್ಣ ನೆಕ್ಕಿದಂತಾಗುತ್ತದೆ. ಪುಡಿ ಬದಲಿಸುವ ಮುನ್ನ ನೀರು ಬದಲಿಸಿ ನೋಡಿ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರಿನಲ್ಲಿ ಅದೇ ಪುಡಿ ಬೇರೆಯೇ ಆಗಿ ಕಾಣುತ್ತದೆ.

ಬೋರ್ಡುಗಳ ಮೇಲಿನ 'ಪಿಬಿ', 'ಎ' ಎಂಬ ಅಕ್ಷರಗಳ ಬಗ್ಗೆಯೂ ಒಂದು ಮಾತು. ಪಿಬಿ ಎಂದರೆ ಪೀಬೆರ್ರಿ, ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ದುಂಡನೆಯ ಬೀಜ ಬೆಳೆದದ್ದು. ಅದು ಅರೇಬಿಕಾದಲ್ಲೂ ಉಂಟು, ರೋಬಸ್ಟಾದಲ್ಲೂ ಉಂಟು. 'ಎ' ಜರಡಿಯಲ್ಲಿ ವಿಂಗಡಿಸಿದ ಗಾತ್ರದ ಗುರುತು, ರುಚಿಗೆ ಕೊಟ್ಟ ಅಂಕವಲ್ಲ. ತಿಳಿಯಬೇಕಾದ ಪದಗಳು ಬೇರೆ ಇವೆ. ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ಅರೇಬಿಕಾಕ್ಕೆ ಪ್ಲಾಂಟೇಷನ್ ಎನ್ನುತ್ತಾರೆ, ಹಾಗೆ ಮಾಡಿದ ರೋಬಸ್ಟಾಕ್ಕೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಒಣಗಿಸಿದರೆ ಎರಡೂ ಚೆರ್ರಿ. ರೋಬಸ್ಟಾ ಪಾರ್ಚ್‌ಮೆಂಟ್ ಚೆರ್ರಿಗಿಂತ ಎಷ್ಟೋ ನಯ. ಕಹಿ ಬೇಡ, ಅರೇಬಿಕಾದ ಬೆಲೆಯೂ ಬೇಡ ಎನ್ನುವವರು ಅದನ್ನು ಕೇಳಿ ಪಡೆಯಬೇಕು.

ಹುರಿಯುವವರಲ್ಲಿ ಒಂದು ಕೋರಿಕೆ. ಎರಡೂ ಬೀಜ ಒಂದೇ ಡ್ರಮ್ಮಿಗೆ ಸುರಿಯಬೇಡಿ. ರೋಬಸ್ಟಾ ಗಟ್ಟಿ, ಕಾವು ಒಳಗಿಳಿಯಲು ಹೊತ್ತು ಬೇಕು. ಅರೇಬಿಕಾ ಹದಕ್ಕೆ ಬಂದಾಗ ಇಳಿಸಿದರೆ ರೋಬಸ್ಟಾ ಒಳಗೆ ಹಸಿಯಾಗಿ ಕಡಲೆಕಾಯಿ ವಾಸನೆ ಬರುತ್ತದೆ. ಅದಕ್ಕಾಗಿ ಕಾದರೆ ಅರೇಬಿಕಾ ಸೀಯುತ್ತದೆ. ಬೇರೆ ಬೇರೆ ಹುರಿದು, ಆರಿದ ಮೇಲೆ ತೂಗಿ ಬೆರೆಸುವುದೇ ಸರಿಯಾದ ಕ್ರಮ.

ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು ಎಂಬ ನಿಯಮವಿದೆ. ಬೀಜದ ಜಾತಿ ಬರೆಯುವ ಪೊಟ್ಟಣ ಮಾತ್ರ ಅಪರೂಪ. 2024ರಿಂದ ಎರಡೂ ಬೀಜಗಳ ಬೆಲೆ ದಾಖಲೆ ಮಟ್ಟ ಮುಟ್ಟಿ ಬಂದಿರುವಾಗ, ತಾವು ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂದು ತಿಳಿಯುವ ಹಕ್ಕು ಗಿರಾಕಿಗಳಿಗಿದೆ. ಕಣ್ಣೆದುರೇ ಬೀಸಿ ಕೊಡುವ ಅಂಗಡಿಯವರಿಗೆ ಇದು ಕಷ್ಟದ ಕೆಲಸವಲ್ಲ. ಯಂತ್ರದ ಪಕ್ಕ ಒಂದು ಕಪ್ಪು ಹಲಗೆ ತೂಗುಹಾಕಿ ದಿನವೂ ಇಷ್ಟು ಬರೆದರೆ ಸಾಕು: 'ಪ್ಲಾಂಟೇಷನ್ 60, ರೋಬಸ್ಟಾ ಪಾರ್ಚ್‌ಮೆಂಟ್ 40, ಚಿಕೋರಿ ಇಲ್ಲ, ಹುರಿದದ್ದು ಸೋಮವಾರ.'

– ಕಾಫಿ ಪುಡಿ ವರ್ತಕರು, ಕೋಲಾರ