ಒಳಜೇಬು, ಇಳಿದ ಭುಜ ಮತ್ತು ನಮ್ಮ ಕಾಕಾ

ಗೆಳೆಯಾ,

ನಿನ್ನ ಪತ್ರ ತಲುಪಿತು. ‘ನಮ್ಮ ಓಣಿಯವರಿಗೆಲ್ಲ ಮಂತ್ರಿಗಳ ವೇಷ ಹಾಕಿಸಿ ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ ಕೂರಿಸುತ್ತಿದ್ದೀಯಲ್ಲ, ಯಾರಿಗೂ ಗುರುತು ಸಿಗುವುದಿಲ್ಲವೆಂದುಕೊಂಡೆಯಾ?’ ಎಂದು ಕೇಳಿದ್ದೀಯ. ಸಿಗಲಿ ಎಂದೇ ಬರೆಯುತ್ತೇನೆ. ಕೊಪ್ಪಳದಲ್ಲಿ ಕುಳಿತ ನಾನು ಮಂತ್ರಿಗಳನ್ನು ಹತ್ತಿರದಿಂದ ಕಂಡದ್ದು ಕಡಿಮೆ. ಅವರ ಮೂಗು, ಕನ್ನಡಕ, ಶಾಲು ಫೋಟೋದಲ್ಲಿ ಸಿಗುತ್ತವೆ. ಸುಳ್ಳು ಹೇಳುವಾಗ ಮನುಷ್ಯ ಹೇಗೆ ನಿಲ್ಲುತ್ತಾನೆ ಎಂಬುದು ಫೋಟೋದಲ್ಲಿ ಸಿಗುವುದಿಲ್ಲ. ಅದಕ್ಕೆ ನಮ್ಮ ಕಾಕಾನೇ ಬೇಕು. ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ಒಂದು ಕೈ ಬೆನ್ನ ಹಿಂದಿಟ್ಟು, ಇನ್ನೊಂದರಿಂದ ಕಿವಿ ತುರಿಸಿಕೊಳ್ಳುತ್ತ, ‘ಹತ್ತಿ ಮಾರಿದ ಕೂಡಲೇ’ ಎನ್ನುತ್ತಿದ್ದನಲ್ಲ, ಆ ನಿಲುವನ್ನು ಎಷ್ಟು ಜನ ಹಣಕಾಸು ಮಂತ್ರಿಗಳಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ.

ಆದರೆ ಕಸುಬು ಕಲಿಸಿದ್ದು ಅಪ್ಪನ ಹೊಲಿಗೆ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನು ಕಾಜಾ ಮಾಡುತ್ತ, ಗುಂಡಿ ಹಚ್ಚುತ್ತ ಕೂರುತ್ತಿದ್ದೆ. ನೀನು ಬಂದು ಬಟ್ಟೆಯ ಚೂರುಗಳನ್ನು ಸುತ್ತಿ ಚೆಂಡು ಕಟ್ಟುತ್ತಿದ್ದೆ. ಅಪ್ಪ ಅಳತೆ ತೆಗೆಯುವುದನ್ನು ನೀನು ಗಮನಿಸಿರಲಿಕ್ಕಿಲ್ಲ. ಕೊರಳಲ್ಲಿದ್ದ ಟೇಪು ಕೈಗೆ ಬರುವ ಮೊದಲೇ, ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ, ಅರ್ಧ ಅಳತೆ ಅವನ ಕಣ್ಣಲ್ಲೇ ಮುಗಿದಿರುತ್ತಿತ್ತು. ಎದೆ, ಸೊಂಟ, ತೋಳು ಎಂದು ಅವನು ಹೇಳಿದ ಇಂಚುಗಳನ್ನು ನಾನು ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದೆ. ಕೊನೆಯಲ್ಲಿ ದನಿ ತಗ್ಗಿಸಿ, ಗಿರಾಕಿಗೆ ಕೇಳದಂತೆ, ‘ಬಲಭುಜ ಇಳಿದಿದೆ’ ಎಂದೋ ‘ಹೊಟ್ಟೆ ಮುಂದು’ ಎಂದೋ ಸೇರಿಸುತ್ತಿದ್ದ. ಮೂಟೆ ಹೊರುವ ಹಮಾಲರಿಗೆ ಒಂದು ಭುಜ ಇಳಿದಿರುತ್ತಿತ್ತು. ಗುಮಾಸ್ತರ ಬೆನ್ನು ಬಾಗಿರುತ್ತಿತ್ತು. ಗೌಡರ ಎದೆ ಟೇಪು ಸುತ್ತುವಾಗ ಒಂದು ಅಳತೆ, ಉಸಿರು ಬಿಟ್ಟ ಮೇಲೆ ಇನ್ನೊಂದು. ಅಪ್ಪ ಎರಡನೆಯದನ್ನೇ ಬರೆಸುತ್ತಿದ್ದ. ಇಳಿದ ಭುಜದ ಕಡೆ ಒಳಗೊಂದು ಮಡಿಕೆ ಇಟ್ಟು, ಕೋಟು ತೊಟ್ಟು ಕನ್ನಡಿ ನೋಡಿಕೊಳ್ಳುವವನಿಗೆ ಎರಡೂ ಭುಜ ಸಮ ಕಾಣುವಂತೆ ಮಾಡಿಬಿಡುತ್ತಿದ್ದ. ಅವನು ಮುಚ್ಚಿದ್ದನ್ನೇ ನಾನು ಎಳೆದು ದೊಡ್ಡದು ಮಾಡುತ್ತೇನೆ. ನೋಡುವ ಕಣ್ಣು ಅವನದೇ.

ಗೆರೆಯೂ ಅವನದೇ ಅನ್ನು. ಬಗಲಿನ ತಿರುವಿಗೆ ಚಪ್ಪಟೆ ಸೀಮೆಸುಣ್ಣ ಓಡಿಸುವಾಗ ಉಸಿರು ಹಿಡಿಯುತ್ತಿದ್ದ. ಒಂದೇ ಎಳೆತ. ಎರಡು ಗೆರೆ ಬಿದ್ದರೆ ಯಾವುದನ್ನು ನಂಬಬೇಕೆಂದು ಕತ್ತರಿಗೆ ತಿಳಿಯುವುದಿಲ್ಲ ಎನ್ನುತ್ತಿದ್ದ.

1997ರಲ್ಲಿ ಕೊಪ್ಪಳ ಜಿಲ್ಲೆಯಾದದ್ದು ನೆನಪಿದೆಯಲ್ಲ? ಅಲ್ಲಿಯವರೆಗೆ ಸರ್ಕಾರವೆಂದರೆ ರಾಯಚೂರಿಗೆ ಹೋಗಿ ನೋಡಿ ಬರಬೇಕಾದ ವಸ್ತುವಾಗಿತ್ತು; ಆಮೇಲೆ ಅದೇ ಅಂಗಡಿಗೆ ಬಂದು ತೋಳೆತ್ತಿ ನಿಂತಿತು. ಎಲ್ಲರಿಗೂ ಸಫಾರಿಯೇ ಬೇಕು. ಹೊರಗಿನ ಜೇಬುಗಳು ಸಾಲದೆ ಒಳಗೊಂದು ಜೇಬು ಇಡಿಸಿಕೊಂಡ ಮಹಾನುಭಾವರೂ ಇದ್ದರು. ಅಪ್ಪ ಏನೂ ಕೇಳದೆ ಹೊಲಿದುಕೊಟ್ಟ. ಆ ಒಳಜೇಬು ಇವತ್ತಿಗೂ ನನಗೆ ಅನ್ನ ಹಾಕುತ್ತಿದೆ.

ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ಮೊದಲ ಸಲ ಅಪ್ಪನಿಗೆ ತೋರಿಸಿದಾಗ ಅವನು ಮುಖವನ್ನು ನೋಡಲೇ ಇಲ್ಲ. ಚೌಕಳಿ ಕೋಟು, ಕೆಳಗೆ ಧೋತ್ರ. ಅಲ್ಲಿಗೇ ಕಣ್ಣು ಹೋಯಿತು. ‘ಪಾಪ, ಇವನಿಗೆ ಹೊಸದು ಹೊಲಿಸುವ ಯೋಗ ಬರಲೇ ಇಲ್ಲ’ ಎಂದ. ದೊಡ್ಡ ವಿಮರ್ಶಕರು ಪುಟಗಟ್ಟಲೆ ಬರೆದದ್ದು ಅಷ್ಟರಲ್ಲೇ ಮುಗಿದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ನನ್ನ ಚಿತ್ರಗಳಲ್ಲೂ ಅವನು ನೋಡುವುದು ಬಟ್ಟೆಯನ್ನೇ. ‘ಮುಖ್ಯಮಂತ್ರಿಗಳ ಜುಬ್ಬಾ ಬಗಲಲ್ಲಿ ಬಿಗಿಯಾಯಿತು, ಕೈ ಎತ್ತಿ ಭಾಷಣ ಮಾಡುವುದು ಹೇಗೆ?’ ಎಂದು ಮೊನ್ನೆ ಕೇಳಿದ.

ಅವ್ವನ ಪಾಲು ಬೇರೆ. ಊರಿಗೆ ತೊಗಲುಗೊಂಬೆಯವರು ಬಂದಾಗ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಕೂತವಳು ಅವಳು. ಪರದೆಯ ಮೇಲೆ ರಾಮ ಬಂದಾಗ ಕೈಮುಗಿಯುತ್ತಿದ್ದಳು. ಆಟದ ಹಾಸ್ಯಗಾರ ಕಿಳ್ಳೇಕ್ಯಾತ ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕರ್ರಗೆ, ಡೊಳ್ಳು ಹೊಟ್ಟೆ ಹೊತ್ತುಕೊಂಡು ಬಂದವನು ಲಂಕೆಯ ಯುದ್ಧದ ನಡುವೆ ನಮ್ಮೂರಿನ ನೀರಿನ ಜಗಳವನ್ನು ಎತ್ತಿಬಿಡುತ್ತಿದ್ದ. ಮನೆಯಲ್ಲಿ ಅತ್ತೆಯ ಎದುರು ಹಲ್ಲು ಕಾಣಿಸದ ಅವ್ವ ಅಷ್ಟು ನಕ್ಕದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ವ್ಯಂಗ್ಯಚಿತ್ರ ನಮಗೆ ಪತ್ರಿಕೆಯಿಂದಲೇ ಬಂತು ಎನ್ನುವವರಿಗೆ ಆ ಪರದೆಯನ್ನೊಮ್ಮೆ ತೋರಿಸಬೇಕು. 2025ರಲ್ಲಿ ನಮ್ಮ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಬಂದಾಗ ಅವ್ವ, ‘ಅದರಲ್ಲಿ ಅರ್ಧ ಕಿಳ್ಳೇಕ್ಯಾತನಿಗೆ ಸೇರಬೇಕು’ ಎಂದಳು.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಹೋದಾಗ ನಾನು ಮಂತ್ರಿಗಳನ್ನು ಬರೆಯಲಿಲ್ಲ. ಅವ್ವನನ್ನು ಬರೆದೆ. ನಮ್ಮ ಹಿತ್ತಲ ಬಾಗಿಲ ಕೀಲು ಹೋಗಿದೆಯೆಂದು ಅವಳು ಅಪ್ಪನಿಗೆ ಹೇಳುತ್ತಲೇ ಇದ್ದಳು, ಅಪ್ಪ ‘ನಾಳೆ’ ಎನ್ನುತ್ತಲೇ ಇದ್ದ. ಒಂದು ಮಳೆಯಲ್ಲಿ ಬಾಗಿಲೇ ಕಳಚಿ ಬಿತ್ತು. ಚಿತ್ರದಲ್ಲಿ ಅವ್ವ ಬಾಗಿಲಿಗೆ ಬೀಸುವ ಕಲ್ಲು ಒರಗಿಸುತ್ತ, ಹಿಂದೆ ಭೋರ್ಗರೆಯುವ ನೀರಿನ ಕಡೆ ತಿರುಗಿ, ‘ಅಲ್ಲಿಯೂ ನಾಳೆ ಎಂದಿದ್ದರೇನು?’ ಎಂದು ಕೇಳುತ್ತಾಳೆ. ಮುನಿರಾಬಾದಿನ ಕಡೆಯ ರೈತರು ಅದನ್ನು ಮೊಬೈಲ್‌ನಲ್ಲಿ ಹಂಚಿದ್ದೇ ಹಂಚಿದ್ದು. ಅಪ್ಪ ಮಾತ್ರ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮನೆಯವಳು ಈಗ ಕರಾರು ಹಾಕಿದ್ದಾಳೆ: ಜಗಳವಾಡಿದ ವಾರದಲ್ಲಿ ಆ ಜಗಳ ಪತ್ರಿಕೆಗೆ ಹೋಗಕೂಡದು. ಹಾಗಾಗಿ ನಮ್ಮ ಮನೆಯ ಮಾತುಗಳು ತಡವಾಗಿ, ವಿರೋಧ ಪಕ್ಷದ ನಾಯಕರ ಬಾಯಲ್ಲಿ ಬರುತ್ತಿವೆ. ಓದುಗರು ‘ಎಷ್ಟು ಸಹಜ’ ಎಂದು ಮೆಚ್ಚುತ್ತಾರೆ. ಮಗಳಿಗೆ ಗುಟ್ಟು ಗೊತ್ತು. ಬಾಯಿ ಮುಚ್ಚಿಕೊಂಡಿರಲು ಐಸ್‌ಕ್ರೀಮ್ ವಸೂಲಿ ಮಾಡುತ್ತಾಳೆ.

ಇನ್ನು ನಿನ್ನ ಮಗನ ವಿಷಯ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮಾಸ್ತರರ ಚಿತ್ರ ಬರೆದು ಸಿಕ್ಕಿಬಿದ್ದನೆಂದು ಗೋಳಾಡಿದ್ದೀಯ, ಒಳ್ಳೆಯ ಚಿತ್ರಕಲಾ ತರಗತಿ ಎಲ್ಲಿದೆ ಎಂದೂ ಕೇಳಿದ್ದೀಯ. ತರಗತಿಗೆ ಆಮೇಲೆ ಹಾಕು. ಮೊದಲು ರಜೆಗೆ ಇಲ್ಲಿಗೆ ಕಳಿಸು. ಜಾತ್ರೆಯ ಮುಂಚಿನ ವಾರವಾದರೆ ಇನ್ನೂ ಒಳ್ಳೆಯದು. ಗವಿಮಠದ ಜಾತ್ರೆಗೆ ಹೊಸ ಅಂಗಿ ಬೇಕೆನ್ನುವವರೆಲ್ಲ ಆಗಲೇ ಅಂಗಡಿಗೆ ಮುಗಿಬೀಳುವುದು. ಅಪ್ಪನಿಗೆ ಅಳತೆ ಪುಸ್ತಕ ಬರೆಯಲು ಒಬ್ಬ ಹುಡುಗ ಬೇಕೇ ಬೇಕು. ಆ ಹಾಳೆಗಳನ್ನು ಮಾತ್ರ ಹರಿಯಬೇಡ, ಫೋಟೋ ತೆಗೆದು ಕಳಿಸು. ನಿನ್ನ ಚಿತ್ರವನ್ನೂ ಬರೆದಿರುತ್ತಾನೆ, ಚೆನ್ನಾಗಿ ಹುಡುಕು. ಸಿಕ್ಕರೆ ಅದನ್ನೇ ಮೊದಲು ಕಳಿಸು.

ಇಂತಿ ನಿನ್ನ
ಗೆಳೆಯ
ಕೊಪ್ಪಳ